ಸೂಜಿ ಮಾಡಿಸಿದ ಮೇಲಿನ ಆರು ವಾರ

ನಮ್ಮ ವಿಜಯಪುರ ಕಡೆ ಯಾವುದೇ ಮದುವೆ, ಕುಬಸ, ಜವಳದ ಊಟಕ್ಕೆ ಹೋಗಿ. ಪಂಕ್ತಿಯಲ್ಲಿ ಕೂತು "ಯಾಕೋ ರಟ್ಟಿ ಭಾಳ ನೋಯ್ಲಾಕತ್ತದ" ಅಂತ ಒಂದು ಮಾತು ಅಂದು ನೋಡಿ. ಹೋಳಿಗೆ ಬರುವುದರೊಳಗೆ ಅಲ್ಲಿ ಎರಡು ಪಾರ್ಟಿ ಆಗಿರುತ್ತವೆ. ಒಂದು ಪಾರ್ಟಿಯವರು "ಸುಮ್ನ ಒಂದ್ ಸೂಜಿ ಮಾಡಿಸ್ಕೋರಿ, ನಮ್ಮ ಬೀಗತಿಗೆ ವಾರದಾಗ ಕಮ್ಮಿ ಆತು" ಅನ್ನುತ್ತಾರೆ. ಇನ್ನೊಂದು ಪಾರ್ಟಿಯವರಿಗೆ ಅನ್ನ ಗಂಟಲಲ್ಲೇ ನಿಲ್ಲುತ್ತದೆ. "ಅಯ್ಯ, ಅದು ಸ್ಟೆರಾಯ್ಡ್ ಇರ್ತದ್ರೀ. ಎಲುಬು ಕರಗಿ ಹೋಗ್ತಾವ. ಅದರ ಸುದ್ದಿಗೇ ಹೋಗಬ್ಯಾಡ್ರಿ." ಆಮೇಲೆ ಇಬ್ಬರೂ ತಮ್ಮ ತಮ್ಮ ಬೀಗರ, ನೆಗೆಣ್ಣಿಯರ ಕೀಲುಗಳ ಉದಾಹರಣೆ ಕೊಡುತ್ತಾರೆ. ಮಜ್ಜಿಗೆ ಬರುತ್ತದೆ. ವಾದ ಅಲ್ಲಿಗೆ ಮುಗಿಯುತ್ತದೆ.

ನನ್ನನ್ನು ಕಾಡುವುದು ಈ ವಾದದಲ್ಲಿ ಇಲ್ಲದೇ ಇರುವ ಮಾತು. ಇಬ್ಬರೂ ನೋವಿನ ಜಾಗಕ್ಕೆ ಹಾಕುವ ಆ ಸ್ಟೆರಾಯ್ಡ್ ಸೂಜಿಯ ಬಗ್ಗೆಯೇ ಮಾತಾಡುತ್ತಾರೆ. ಸೂಜಿ ಕೊಡುವುದು ಕೆಲವು ವಾರಗಳ ಕಡಿಮೆ ನೋವನ್ನು. ಆ ವಾರಗಳಲ್ಲಿ ಏನು ಮಾಡಿದಿರಿ ಅಂತ ಯಾರೂ ಯಾರನ್ನೂ ಕೇಳುವುದಿಲ್ಲ. ಈಚೆಗೆ ನಮ್ಮ ಒಂದೇ ಮನೆತನದಲ್ಲಿ ಮೂರು ಕೈಗಳು ಈ ಸೂಜಿ ತಿಂದವು. ನನ್ನ ಭುಜ, ಅಣ್ಣನ ಮೊಳಕೈ, ವೈನಿಯ ಮಣಿಕಟ್ಟು. ಔಷಧಿ ಹೆಚ್ಚುಕಡಿಮೆ ಒಂದೇ ಜಾತಿಯದು. ಆದದ್ದು ಮಾತ್ರ ಮೂರು ಥರ. ಹಾಗಾಗಿ ನನಗೆ ಯಾವ ಪಾರ್ಟಿಗೂ ಸೇರಲು ಆಗುತ್ತಿಲ್ಲ.

ಬೋರ್ಡಿನ ಅರ್ಧಕ್ಕೇ ನಿಂತ ಕೈ

ನಾನು ಹೈಸ್ಕೂಲ್ ಟೀಚರ್. ಬೋರ್ಡಿನ ಮೇಲಿನ ಮೂಲೆಯಲ್ಲಿ ದಿನಾಂಕ ಬರೆಯುವುದು ದಿನದ ಮೊದಲ ಕೆಲಸ. ಒಂದು ಬೇಸಿಗೆ ಮುಗಿದು ಶಾಲೆ ಶುರುವಾದಾಗ ಕೈ ಅಲ್ಲಿಗೆ ಹೋಗಲೇ ಇಲ್ಲ. ದಿನಾಂಕ ಬೋರ್ಡಿನ ನಡುವಿಗೆ ಇಳಿಯಿತು. ಕೆಲವು ದಿನಕ್ಕೆ ಉದ್ದನೆಯ ಹುಡುಗಿಯೊಬ್ಬಳಿಗೆ ಆ ಕೆಲಸ ಒಪ್ಪಿಸಿದೆ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರ. ಸೆರಗಿಗೆ ಪಿನ್ ಹಾಕುವುದು, ಹೆರಳು ಹಾಕಿಕೊಳ್ಳುವುದು, ಕುಪ್ಪಸದ ಹುಕ್ಕು, ಎಲ್ಲಕ್ಕೂ ಮಗಳನ್ನು ಕರೆಯಬೇಕು. ಹೆಂಗಸರಿಗೆ ಈ ಬೇನೆ ಗೊತ್ತಾಗುವುದೇ ಸೆರಗಿನಲ್ಲಿ ಅಂತ ಆಮೇಲೆ ಎಷ್ಟೋ ಜನ ಹೇಳಿದರು.

ಎಲುಬಿನ ಡಾಕ್ಟರು ಎಕ್ಸ್‌ರೇ ನೋಡಿ ಪಕ್ಕಕ್ಕಿಟ್ಟರು. ಅದರಲ್ಲಿ ಏನೂ ಇರಲಿಲ್ಲ. ನನ್ನ ಮೊಳಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನು ತಾವೇ ಹೊರಗಡೆಗೆ ತಿರುಗಿಸಲು ನೋಡಿದರು. ಅವರು ತಿರುಗಿಸಿದರೂ ಅದು ತಿರುಗಲಿಲ್ಲ. "ಶುಗರ್ ಐತೇನ್ರಿ?" ಅಂತ ಕೇಳಿದರು. ಇದೆ, ಬಹಳ ವರ್ಷದಿಂದ ಇದೆ. ಫ್ರೋಜನ್ ಶೋಲ್ಡರ್ ಅಂದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಜಾಸ್ತಿ. ಭುಜದ ಕೀಲಿನ ಸುತ್ತ ಒಂದು ತೆಳ್ಳನೆಯ ಚೀಲ ಇರುತ್ತದೆ. ಮೊದಲು ಅದಕ್ಕೆ ಉರಿಯೂತ ಬರುತ್ತದೆ, ಆಗ ನೋವು. ಆಮೇಲೆ ಅದು ದಪ್ಪಗಾಗಿ ಕುಗ್ಗುತ್ತದೆ, ಆಗ ಬಿಗಿತ. ಕೊನೆಗೆ ನಿಧಾನಕ್ಕೆ ಸಡಿಲಾಗುತ್ತದೆ. ಸುಮ್ಮನೆ ಬಿಟ್ಟರೆ ಒಂದರಿಂದ ಮೂರು ವರ್ಷ ಹಿಡಿಯಬಹುದು. ಸೂಜಿಯ ಉಪಯೋಗ ಜಾಸ್ತಿ ಇರುವುದು ಮೊದಲ ಹಂತದಲ್ಲಿ, ನೋವು ಜೋರಾಗಿದ್ದಾಗ.

ಟ್ರಯಾಮ್ಸಿನೊಲೋನ್ ಅನ್ನುವ ಸ್ಟೆರಾಯ್ಡ್ 40 ಮಿಲಿಗ್ರಾಂ, ಜೊತೆಗೆ ಮರಗಟ್ಟಿಸುವ ಲಿಗ್ನೊಕೇನ್. ಸಣ್ಣ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಒಳಗಿನ ಬೆಳ್ಳನೆಯ ಮದ್ದನ್ನು ಎಳೆದುಕೊಂಡರು. ಅದು ನೀರಿನಲ್ಲಿ ಕರಗದ ಸಣ್ಣ ಸಣ್ಣ ಹರಳು, ಅದಕ್ಕೇ ಕುಲುಕಬೇಕು. ಕೀಲಿನೊಳಗೆ ನಿಧಾನಕ್ಕೆ ಕರಗುತ್ತ ವಾರಗಟ್ಟಲೆ ಕೆಲಸ ಮಾಡುತ್ತದೆ. ಚುಚ್ಚುವ ಮೊದಲು ಡಾಕ್ಟರು ಹೇಳಿದ ಮಾತು ನನಗೆ ಹಿಡಿಸಿತು. "ಇವತ್ತ ಸಂಜಿತನಕ ಆರಾಮ ಅನಸ್ತದ. ಅದು ಮರಗಟ್ಟೋ ಔಷಧದ ಆಟ, ಖುಷಿ ಪಡಬ್ಯಾಡ್ರಿ. ನಾಳಿ ನಾಡದ ನೋವು ಏರಬಹುದು, ಹೆದರಬ್ಯಾಡ್ರಿ. ಖರೆ ಕೆಲಸ ಆಮ್ಯಾಲಿಂದ." ಹಾಗೇ ಆಯಿತು. ಸಕ್ಕರೆಯೂ ಕೆಲವು ದಿನ ಮೇಲಕ್ಕೆ ಹೋಯಿತು. ಅದನ್ನೂ ಮೊದಲೇ ಹೇಳಿದ್ದರು, ಮನೆಯ ಮಷಿನ್ನಿನಲ್ಲಿ ನೋಡಿಕೊಳ್ಳುತ್ತ ಇದ್ದೆ. ಶುಗರ್ ಇದ್ದವರಿಗೆ ಇದನ್ನು ಹೇಳದೆ ಸೂಜಿ ಕೊಟ್ಟರೆ, ಅವರು ಮೂರನೇ ದಿನ ಮೀಟರ್ ನೋಡಿ ಗಾಬರಿಯಾಗುತ್ತಾರೆ. ಇಲ್ಲವೇ ನೋಡುವುದೇ ಇಲ್ಲ, ಅದು ಇನ್ನೂ ಕೆಟ್ಟದ್ದು.

ಆ ವಾರ ಮುಗಿಯುವ ಹೊತ್ತಿಗೆ ರಾತ್ರಿ ನಿದ್ದೆ ಬರತೊಡಗಿತು. ಆದರೆ ಕೈ ಎಷ್ಟು ಮೇಲೆ ಹೋಗುತ್ತಿತ್ತೋ ಅಷ್ಟೇ ಹೋಗುತ್ತಿತ್ತು. ಬೋರ್ಡಿನ ದಿನಾಂಕ ನಡುವಿನಲ್ಲೇ ಇತ್ತು. ನೋವು ಬೇರೆ, ಬಿಗಿತ ಬೇರೆ ಅಂತ ನನಗೆ ಮೈಯಲ್ಲೇ ಗೊತ್ತಾಗಿದ್ದು ಆಗ. ಸೂಜಿ ಉರಿಯೂತವನ್ನು ತಣಿಸುತ್ತದೆ, ಕುಗ್ಗಿದ ಚೀಲವನ್ನು ಹಿಗ್ಗಿಸುವುದಿಲ್ಲ. ಹಿಗ್ಗಿಸುವ ಕೆಲಸ ಎಳೆತದ್ದು. ಎಳೆಯಬೇಕು ಅಂದರೆ ನೋವು ಸಹಿಸುವ ಮಟ್ಟಕ್ಕೆ ಇಳಿದಿರಬೇಕು. ಎರಡೂ ಒಂದಕ್ಕೊಂದು ಹೀಗೆ ಸೇರುತ್ತವೆ.

ಇದು ನನ್ನ ಒಬ್ಬಳ ಅನುಭವ ಇರಬಹುದು ಅಂತ ಹುಡುಕಿ ಓದಿದೆ. 2003ರಲ್ಲಿ ಕೆನಡಾದಲ್ಲಿ ಫ್ರೋಜನ್ ಶೋಲ್ಡರ್ ಇದ್ದ 93 ಜನರನ್ನು ನಾಲ್ಕು ಗುಂಪು ಮಾಡಿ ನೋಡಿದ್ದಾರೆ. ಕೆಲವರಿಗೆ ಸೂಜಿ ಮಾತ್ರ, ಕೆಲವರಿಗೆ ಸೂಜಿ ಮತ್ತು ಫಿಸಿಯೋ, ಕೆಲವರಿಗೆ ಸ್ಟೆರಾಯ್ಡ್ ಇಲ್ಲದ ಹುಸಿ ಸೂಜಿಯ ಜೊತೆ ಫಿಸಿಯೋ, ಕೆಲವರಿಗೆ ಹುಸಿ ಸೂಜಿ ಮಾತ್ರ. ಮನೆಯ ವ್ಯಾಯಾಮ ಎಲ್ಲರಿಗೂ ಇತ್ತು. ಆರು ವಾರಕ್ಕೆ ಸೂಜಿ ತೆಗೆದುಕೊಂಡವರು ಮುಂದೆ. ಜೊತೆಗೆ ಫಿಸಿಯೋ ಇದ್ದವರ ಕೈ ಇನ್ನೂ ಬೇಗ ಆಡತೊಡಗಿತು. ವರ್ಷದ ಕೊನೆಗೆ ನಾಲ್ಕೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು. ಕೆಲವರು ಇದನ್ನು ಓದಿ "ಮತ್ತೆ ಸೂಜಿ ಯಾಕೆ?" ಅನ್ನಬಹುದು. ರಾತ್ರಿ ನಿದ್ದೆ ಇಲ್ಲದೆ ಬೆಳಿಗ್ಗೆ ಎಪ್ಪತ್ತು ಮಕ್ಕಳ ಮುಂದೆ ನಿಲ್ಲುವವಳಿಗೆ ಆ ನಡುವಿನ ತಿಂಗಳುಗಳೇ ಎಲ್ಲ.

ಇಂಡಿಯಿಂದ ಬಂದ ಯಕ್ಕಾ

ಫಿಸಿಯೋ ಕೋಣೆ ದೊಡ್ಡದೇನೂ ಅಲ್ಲ. ಗೋಡೆಗೆ ಒಂದು ಚಕ್ರ. ಅದರ ಹಿಡಿಕೆ ಹಿಡಿದು ಭುಜ ತಿರುಗಿಸಬೇಕು. ಪಕ್ಕದಲ್ಲಿ ಬೆರಳು ಹತ್ತಿಸುವ ಮರದ ಏಣಿ. ಮೇಲೆ ರಾಟೆ, ಅದರಲ್ಲಿ ಹಗ್ಗ. ಮೂಲೆಯಲ್ಲಿ ಪರದೆಯ ಹಿಂದೆ "ಕರೆಂಟ್ ಕೊಡೋ" ಮಷಿನ್. ನಮ್ಮಲ್ಲಿ ಫಿಸಿಯೋ ಅಂದರೆ ಜನಕ್ಕೆ ಈ ಕರೆಂಟೇ. "ಹತ್ತ ದಿನ ಕರೆಂಟ್ ಕೊಡ್ಸಿದೆ, ಏನೂ ಆಗ್ಲಿಲ್ಲ" ಅನ್ನುವವರು ಊರ ತುಂಬ ಇದ್ದಾರೆ. ಅವರ ತಪ್ಪಲ್ಲ. ಎಷ್ಟೋ ಕಡೆ ಮಲಗಿಸಿ, ಪ್ಯಾಡ್ ಅಂಟಿಸಿ, ಟೈಮರ್ ಹಚ್ಚಿ ಹೋಗಿಬಿಡುತ್ತಾರೆ. ಬೆಚ್ಚಗೆ ಚುಮುಚುಮು ಅನ್ನುತ್ತದೆ, ಅಷ್ಟು ಹೊತ್ತು ಹಿತ. ಕೈ ಮಾತ್ರ ಒಂದು ಇಂಚೂ ಆಡಿರುವುದಿಲ್ಲ. ನನಗೆ ಸಿಕ್ಕ ಮೇಡಂ ಹಾಗಲ್ಲ. ಸಣ್ಣ ವಯಸ್ಸಿನ ಹುಡುಗಿ, ಮಾತು ಕಡಿಮೆ. ಬಗ್ಗಿ ನಿಂತು ಕೈ ಇಳಿಬಿಟ್ಟು ತೂಗುವುದು, ಗೋಡೆಯ ಮೇಲೆ ಬೆರಳಿನಿಂದ ನಡೆಯುವುದು, ಕೋಲು ಹಿಡಿದು ಒಳ್ಳೆಯ ಕೈಯಿಂದ ಕೆಟ್ಟ ಕೈಯನ್ನು ಹೊರಗೆ ತಳ್ಳುವುದು, ಬೆನ್ನ ಹಿಂದೆ ಟವೆಲ್ ಹಿಡಿದು ಮೇಲಕ್ಕೆ ಎಳೆಯುವುದು. ಇಷ್ಟೇ. "ನೋವಾಗತದ, ಆದ್ರ ನಿಲ್ಲಿಸಿದ ಮ್ಯಾಲ ಸ್ವಲ್ಪ ಹೊತ್ತಿನಾಗ ಇಳೀಬೇಕು. ರಾತ್ರಿತನಕ ಉಳೀತಂದ್ರ ಜಾಸ್ತಿ ಮಾಡೀರಿ ಅಂತ ಅರ್ಥ" ಅಂದಿದ್ದರು.

ಆ ಕೋಣೆಯಲ್ಲಿ ಒಂದು ಸಂಜೆ ಇಂಡಿ ಕಡೆಯ ಹಳ್ಳಿಯಿಂದ ಬಂದ ಹೆಂಗಸೊಬ್ಬರು ನನ್ನ ಪಕ್ಕ ಕೂತಿದ್ದರು. ಐವತ್ತರ ಆಸುಪಾಸು, ಲಿಂಬೆ ತೋಟದಲ್ಲಿ ಕೂಲಿ. ಕೈ ಮೇಲೆತ್ತಿದರೆ ಭುಜದ ತುದಿಯಲ್ಲಿ ಚಳಕು. ನನ್ನ ಥರ ಬಿಗಿದಿರಲಿಲ್ಲ. ಬೇರೆಯವರು ಎತ್ತಿದರೆ ಕೈ ಪೂರಾ ಮೇಲೆ ಹೋಗುತ್ತಿತ್ತು, ತಾನೇ ಎತ್ತಿದರೆ ನೋವು. ಭುಜ ಎತ್ತುವ ಸ್ನಾಯುಗಳನ್ನು ಎಲುಬಿಗೆ ಕಟ್ಟುವ ತಂತಿಯದು ಆ ತೊಂದರೆ. ಅವರಿಗೂ ಒಂದು ಸೂಜಿ ಆಗಿತ್ತು. ವಾರಕ್ಕೆ ಮೂರು ಸಲ ಬರಬೇಕು ಅಂತ ಚೀಟಿಯಲ್ಲಿ ಬರೆದಿತ್ತು.

"ಹೆಂಗಸರಿಗೆ ಬಸ್ ಫ್ರೀ ಅದಲ್ರಿ" ಅಂದೆ ನಾನು, ಧೈರ್ಯ ಹೇಳುವ ಹಾಗೆ.

"ಬಸ್ಸಿಗೆ ರೊಕ್ಕ ಇಲ್ಲ ಖರೆ ರೀ ಅಕ್ಕಾರ. ಕೂಲಿ ಹೋಗ್ತದಲ್ಲ. ಇಲ್ಲಿ ಮ್ಯಾಡಮ್ಮರಿಗೆ ಕೊಡೂದು ಬ್ಯಾರೆ. ಮನ್ಯಾಗ ಎಮ್ಮಿ ಅದಾವ." ಆಮೇಲೆ ಅವರು ಮೇಡಂ ಕಡೆ ತಿರುಗಿ ನೇರವಾಗಿ ಕೇಳಿಬಿಟ್ಟರು. "ಇದನ್ನ ಮನ್ಯಾಗ ಮಾಡಾಕ ಬರಂಗಿಲ್ಲೇನ್ರೀ? ನಾ ಏನ್ ಮಾಡ್ಬೇಕು, ಒಂದ ಸಲ ಖರೇನ ಕಲಿಸಿ ಬಿಡ್ರಿ."

ನನಗೆ ಆಗ ಮೇಡಂ ಬಗ್ಗೆ ಕುತೂಹಲ. ದಂಧೆಯ ದೃಷ್ಟಿಯಿಂದ ಅವರಿಗೆ ಈ ಪ್ರಶ್ನೆ ಒಳ್ಳೆಯದಲ್ಲ. ಅವರು ಒಂದು ಕ್ಷಣ ಸುಮ್ಮನಿದ್ದು, ಕುರ್ಚಿ ಎಳೆದುಕೊಂಡು ಕೂತರು. ದಿನಾ ಏನೇನು ಕೆಲಸ, ಯಾವ ಕೈಯಿಂದ ಕೊಡ ಎತ್ತುತ್ತೀರಿ, ಲಿಂಬೆ ಹರಿಯುವಾಗ ಕೈ ಎಷ್ಟು ಮೇಲೆ ಹೋಗುತ್ತದೆ, ಎಲ್ಲ ಕೇಳಿದರು. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಬಾಗಿಲ ಚಿಲಕಕ್ಕೆ ಕಟ್ಟಿಕೊಂಡು ಎಳೆಯುವುದನ್ನು ಮಾಡಿಸಿದರು. ತಪ್ಪಾದಲ್ಲಿ ಭುಜ ಹಿಡಿದು ತಿದ್ದಿದರು. ಇವರೇ ಮತ್ತೆ ಮಾಡಿ ತೋರಿಸುವ ತನಕ ಬಿಡಲಿಲ್ಲ. ನನ್ನ ಸರದಿ ತಡವಾಯಿತು. ನನಗೇನೂ ಬೇಜಾರಾಗಲಿಲ್ಲ. ಒಂದು ಒಳ್ಳೆಯ ಪಾಠ ನೋಡಿದ ಹಾಗಿತ್ತು, ಟೀಚರ್ ಬುದ್ಧಿ.

ಆ ಯಕ್ಕಾ ಕೇಳಿದ ಪ್ರಶ್ನೆಯನ್ನೇ ಇಂಗ್ಲೆಂಡಿನವರು 708 ಜನರ ಮೇಲೆ ಕೇಳಿ ನೋಡಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಗ್ರಾಸ್ಪ್ ಅಂತ ಆ ಪ್ರಯೋಗದ ಹೆಸರು. 2021ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎಲ್ಲರಿಗೂ ಭುಜದ ತಂತಿಯ ಇದೇ ನೋವು. ಅರ್ಧ ಜನರಿಗೆ ಫಿಸಿಯೋ ಜೊತೆ ಆರು ಭೇಟಿಯ ತನಕ ವ್ಯಾಯಾಮ. ಇನ್ನರ್ಧಕ್ಕೆ ಒಂದೇ ಭೇಟಿ. ಆ ಒಂದರಲ್ಲೇ ಸರಿಯಾಗಿ ತಿಳಿಸಿ, ಮನೆಯಲ್ಲಿ ಮಾಡಿಕೊಳ್ಳುವುದನ್ನು ಕಲಿಸಿ ಕಳಿಸಿದರು. ಎರಡೂ ಕಡೆ ಕೆಲವರಿಗೆ ಸೂಜಿ ಇತ್ತು, ಕೆಲವರಿಗೆ ಇರಲಿಲ್ಲ. ವರ್ಷದ ಲೆಕ್ಕದಲ್ಲಿ ಆರು ಭೇಟಿಯವರು ಒಂದು ಭೇಟಿಯವರಿಗಿಂತ ಮುಂದೆ ಹೋಗಲಿಲ್ಲ. ಸೂಜಿಯ ಲಾಭ ಎಂಟನೇ ವಾರದಲ್ಲಿ ಸ್ವಲ್ಪ ಕಂಡಿತು, ವರ್ಷಕ್ಕೆ ಉಳಿಯಲಿಲ್ಲ.

ಇದನ್ನು ಓದಿದ ಮೇಲೆ ನನಗೆ ನಮ್ಮ ಚೀಟಿಗಳ ಮೇಲೆ ಸಿಟ್ಟು ಬಂತು. "ಫಿಸಿಯೋ x 10" ಅಂತ ಬರೆದಿರುತ್ತದೆ. ಹಳ್ಳಿಯವರು ಎರಡು ಸಲ ಬಂದು, ಕರೆಂಟ್ ಕೊಡಿಸಿಕೊಂಡು, ಬಿಟ್ಟುಬಿಡುತ್ತಾರೆ. ಆಮೇಲೆ "ಪೇಶಂಟ್ ಸಹಕರಿಸಲಿಲ್ಲ" ಅನ್ನುತ್ತಾರೆ. ಹತ್ತು ಸಲ ಬರಲಾಗದವರಿಗೆ ಒಂದು ಸಲವನ್ನಾದರೂ ಪೂರ್ತಿಯಾಗಿ ಕೊಡಬಹುದಲ್ಲ? ಭುಜದ ತಂತಿ ನೋವಿಗೆ ಅದು ಸಾಕಾಗಬಹುದು ಅನ್ನುವುದಕ್ಕೆ ಈಗ ಪುರಾವೆ ಇದೆ. ಬಿಗಿದ ಭುಜಕ್ಕೆ, ಆಪರೇಶನ್ ಆದವರಿಗೆ, ಪಾರ್ಶ್ವವಾಯು ಆದವರಿಗೆ ಈ ಮಾತು ಹೊಂದುವುದಿಲ್ಲ, ಅದು ಬೇರೆ ಲೆಕ್ಕ. ಆದರೆ ಕೂಲಿ ಬಿಟ್ಟು ಬರುವವರ ಸಮಯಕ್ಕೂ ಬೆಲೆ ಇದೆ ಅಂತ ಚೀಟಿ ಬರೆಯುವವರ ತಲೆಯಲ್ಲಿ ಇರಬೇಕು.

ಪುಡಿಕೆಯ ಹೆದರಿಕೆ

"ಎಲುಬು ಕರಗ್ತಾವ" ಪಾರ್ಟಿಯವರನ್ನು ನಗಾಡುವ ಹಾಗಿಲ್ಲ. ಅವರ ಹೆದರಿಕೆ ಸುಳ್ಳಲ್ಲ, ಅದರ ವಿಳಾಸ ತಪ್ಪಿದೆ ಅಷ್ಟೇ. ನಮ್ಮ ಹಳ್ಳಿಗಳಲ್ಲಿ ಮೊಣಕಾಲು ನೋವು ಅಂತ ಹೋದರೆ ಪೇಪರ್ ಪುಡಿಕೆಯಲ್ಲಿ ಬಣ್ಣಬಣ್ಣದ ಗುಳಿಗೆ ಕೊಡುವವರು ಇನ್ನೂ ಇದ್ದಾರೆ. ಕುಂಡಿಗೆ ಒಂದು ಸೂಜಿ, ವಾರದ ಪುಡಿಕೆ. ಆ ಪುಡಿಕೆಯ ಸಣ್ಣ ಗುಳಿಗೆ ಎಷ್ಟೋ ಸಲ ಪ್ರೆಡ್ನಿಸೊಲೋನ್ ಇಲ್ಲವೇ ಡೆಕ್ಸಾಮೆಥಾಸೋನ್ ಅನ್ನುವ ಸ್ಟೆರಾಯ್ಡ್ ಆಗಿರುತ್ತದೆ. ತಿಂದ ಮರುದಿನ ಮುದುಕಿ ಎದ್ದು ಹೊಲಕ್ಕೆ ಹೋಗುತ್ತಾಳೆ. ವರ್ಷಗಟ್ಟಲೆ ಅದನ್ನೇ ತಿಂದರೆ ಮುಖ ಉಬ್ಬುತ್ತದೆ, ತೊಗಲು ತೆಳ್ಳಗಾಗುತ್ತದೆ, ಸಕ್ಕರೆ ಏರುತ್ತದೆ, ಎಲುಬು ನಿಜಕ್ಕೂ ಟೊಳ್ಳಾಗುತ್ತದೆ. ಒಮ್ಮೆಲೆ ಬಿಟ್ಟರೆ ಮೈ ಕುಸಿಯುತ್ತದೆ, ಯಾಕೆಂದರೆ ಆ ಹೊತ್ತಿಗೆ ಮೈ ತನ್ನ ಸ್ವಂತ ಸ್ಟೆರಾಯ್ಡ್ ತಯಾರಿಸುವುದನ್ನೇ ಕಡಿಮೆ ಮಾಡಿರುತ್ತದೆ. ಇದನ್ನು ಕಣ್ಣಾರೆ ಕಂಡವರು ಸ್ಟೆರಾಯ್ಡ್ ಅಂದ ಕೂಡಲೇ ಹೆದರುವುದು ಸಹಜ. ಕೀಲಿಗೆ ಒಂದು ಸಲ ಹಾಕುವ ಸೂಜಿ ಮತ್ತು ದಿನಾ ಹೊಟ್ಟೆಗೆ ಹೋಗುವ ಗುಳಿಗೆ ಒಂದೇ ಅಲ್ಲ ಅಂತ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಈ ಖುಷಿ ಮತ್ತು ಹೆದರಿಕೆ ಎರಡೂ ಈ ಔಷಧದ ಜೊತೆಗೇ ಹುಟ್ಟಿವೆ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಅನ್ನುವ ಡಾಕ್ಟರು, ಬಸುರಾದಾಗ ಮತ್ತು ಕಾಮಾಲೆ ಬಂದಾಗ ಸಂಧಿವಾತದವರ ನೋವು ತಾನಾಗಿ ಇಳಿಯುವುದನ್ನು ಗಮನಿಸಿದ್ದರು. ಮೈಯೊಳಗೇ ಏನೋ ಇದೆ ಅಂತ ಅವರ ಗುಮಾನಿ. 1948ರ ಸೆಪ್ಟೆಂಬರಿನಲ್ಲಿ, ಹಾಸಿಗೆ ಹಿಡಿದಿದ್ದ ಹೆಂಗಸೊಬ್ಬಳಿಗೆ ಈಗ ನಾವು ಕಾರ್ಟಿಸೋನ್ ಅನ್ನುವ ಸ್ಟೆರಾಯ್ಡನ್ನು ಮೊದಲ ಸಲ ಕೊಟ್ಟರು. ವಾರದಲ್ಲಿ ಆಕೆ ಪೇಟೆಗೆ ಹೋಗಿ ಬಂದಳು. 1950ರಲ್ಲಿ ಹೆಂಚ್, ಮತ್ತೆ ಇದೇ ಜಾತಿಯ ಔಷಧಗಳ ಮೇಲೆ ಕೆಲಸ ಮಾಡಿದ ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಆದರೆ ದಿನಾ ಕೊಡುತ್ತ ಹೋದಾಗ ಅಡ್ಡ ಪರಿಣಾಮಗಳೂ ಒಂದೊಂದೇ ಹೊರಬಂದವು. ಬೇಕಾದ ಕೀಲಿಗೆ ಮಾತ್ರ ಹಾಕಿದರೆ ಹೇಗೆ ಅನ್ನುವ ದಾರಿ ಹಿಡಿದದ್ದು 1951ರ ಸುಮಾರಿಗೆ. ಅಂದರೆ ನನ್ನ ಭುಜಕ್ಕೆ ಬಿದ್ದ ಸೂಜಿ, ಆ ಪುಡಿಕೆಯ ಅಪಾಯ ತಪ್ಪಿಸಲು ಹುಡುಕಿದ ಉಪಾಯವೇ.

ಹಾಗಂತ ಕೀಲಿಗೂ ಬೇಕಾದಷ್ಟು ಸಲ ಹಾಕಬಹುದು ಅಂತ ಅಲ್ಲ. ನಮ್ಮಲ್ಲಿ ಮೊಣಕಾಲಿಗೆ "ಮೂರ ತಿಂಗಳಿಗೊಮ್ಮೆ ಒಂದ್" ಅಂತ ಪಾಳಿ ಹಚ್ಚಿದವರು ಇದ್ದಾರೆ. ಮೊಣಕಾಲು ಸವೆದ 140 ಜನರಲ್ಲಿ ಅರ್ಧ ಜನರಿಗೆ ಸ್ಟೆರಾಯ್ಡ್, ಇನ್ನರ್ಧಕ್ಕೆ ಬರೀ ಉಪ್ಪುನೀರಿನ ಸೂಜಿ, ಎರಡು ವರ್ಷ 12 ವಾರಕ್ಕೊಂದರಂತೆ ಹಾಕಿ ನೋಡಿದ ಅಮೆರಿಕದ ಪ್ರಯೋಗ 2017ರಲ್ಲಿ ಬಂತು. ಉಪ್ಪುನೀರಿನವರಿಗಿಂತ ಸ್ಟೆರಾಯ್ಡಿನವರ ನೋವೇನೂ ಕಡಿಮೆ ಇರಲಿಲ್ಲ, ಮೆತ್ತನೆಯ ಎಲುಬು ಮಾತ್ರ ಜಾಸ್ತಿ ಸವೆದಿತ್ತು. ಮೊಣಕಾಲಿಗೆ ವರ್ಷದ ಕೊನೆಗೆ ಸೂಜಿಗಿಂತ ಫಿಸಿಯೊಥೆರಪಿಯೇ ಮೇಲು ಅಂತ 2020ರ ಇನ್ನೊಂದು ಪ್ರಯೋಗ ತೋರಿಸಿತು. ಇದನ್ನು ನಮ್ಮ ಅವ್ವನ ವಯಸ್ಸಿನವರಿಗೆ ಹೇಳಿ ಒಪ್ಪಿಸುವುದು ಬೇರೆಯೇ ಕಥೆ, ಇಲ್ಲಿ ಬೇಡ.

ಚಾಟ್ನಿ ತಡೀತದೇನು?

ಅಣ್ಣನದು ಟಿಕೋಟಾ ಕಡೆ ದ್ರಾಕ್ಷಿ ತೋಟ. ಅಲ್ಲಿ ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತಾರೆ. ಎಪ್ರಿಲ್ ಚಾಟ್ನಿ ಬಳ್ಳಿ ಬೆಳೆಯಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಕ್ಟೋಬರಿನದು ಒಂದು ಹಟ್ಟಿ ಹಬ್ಬದ ಥರ ಗದ್ದಲ. ಕತ್ತರಿಸಿದ ಬೆನ್ನಿಗೇ ಬಳ್ಳಿಯ ಚಿಗುರೊಡೆಯುವ ಕಣ್ಣುಗಳಿಗೆ ಪೇಸ್ಟ್ ಹಚ್ಚಬೇಕು, ಎಲ್ಲ ಕಣ್ಣು ಒಟ್ಟಿಗೇ ಒಡೆಯಬೇಕು. ತಡವಾದರೆ ಒಂದು ಸಾಲು ಮುಂದೆ, ಒಂದು ಸಾಲು ಹಿಂದೆ. ಗ್ಯಾಂಗಿನವರು ಬೇರೆ ತೋಟಕ್ಕೆ ಮಾತು ಕೊಟ್ಟಿರುತ್ತಾರೆ. ಹೀಗಿರುವಾಗ ಅಣ್ಣನ ಬಲ ಮೊಳಕೈಯ ಹೊರಗಿನ ಎಲುಬಿಗೆ ನೋವು ಹತ್ತಿತು. ಚಹಾದ ಕಪ್ಪು ಎತ್ತಿದರೂ ಜೀವ ಹೋಗುವ ನೋವು. ಕತ್ತರಿ ಒತ್ತುವುದು ಬೆರಳಾದರೂ, ಮಣಿಕಟ್ಟನ್ನು ಗಟ್ಟಿ ಹಿಡಿಯುವ ಸ್ನಾಯುಗಳ ತಂತಿ ಬಂದು ಅಂಟುವುದು ಆ ಎಲುಬಿಗೆ. ಅದಕ್ಕೇ ಅಲ್ಲಿ ನೋವು.

ಆತ ಸಿಟಿಗೆ ಬಂದು ಸೂಜಿ ಮಾಡಿಸಿಕೊಂಡು ಹೋದ. ಕೊಟ್ಟ ಡಾಕ್ಟರು ಕೈಗೆ ವಿಶ್ರಾಂತಿ ಅಂದರೋ ಇಲ್ಲವೋ, ಅಣ್ಣನಿಗೆ ನೆನಪಿಲ್ಲ. ಚೀಟಿಯಲ್ಲಂತೂ ಇರಲಿಲ್ಲ. ನಾನು ಆ ವಾರ ತೋಟಕ್ಕೆ ಹೋದಾಗ ಆತ ಸಾಲಿನ ನಡುವೆ ನಿಂತು ಗ್ಯಾಂಗಿನವರ ಸಮಕ್ಕೆ ಕತ್ತರಿ ಆಡಿಸುತ್ತಿದ್ದ. ಮುಖದಲ್ಲಿ ಏನು ಹುರುಪು! ಕೆಳಗೆ ಕತ್ತರಿಸಿದ ಬಳ್ಳಿಯ ರಾಶಿ. ಹುಡುಗಿಯರು ಹಿಂದಿನಿಂದ ಪೇಸ್ಟ್ ಹಚ್ಚುತ್ತ ಬರುತ್ತಿದ್ದರು.

"ಅಣ್ಣಾ, ಸೂಜಿ ಆಗಿ ಇನ್ನಾ ವಾರ ಆಗಿಲ್ಲ. ಎರಡ ವಾರರೆ ಕೈ ಬಿಗಿ ಹಿಡೀಬಾರ್ದಂತ."

"ನೋವೇ ಇಲ್ಲಲ್ಲವಾ ತಂಗಿ. ನೋಡು." ಮುಷ್ಟಿ ಕಟ್ಟಿ ತೋರಿಸಿದ.

"ನೋವಿಲ್ಲ ಅಂದ್ರ ಬ್ಯಾನಿ ಇಲ್ಲಂತಲ್ಲ."

"ನೀವು ಸಾಲಿ ಮಂದಿ. ರಜಾ ಹಾಕಿದ್ರೂ ಪಗಾರ ಬರ್ತದ. ಇಲ್ಲಿ ಚಾಟ್ನಿ ತಡೀತದೇನು? ಈ ಸೂಜಿ ಮಾಡಿಸಿದ್ದ ಚಾಟ್ನಿ ಸಲುವಾಗಿ."

ಈ ಕೊನೆಯ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಡಾಕ್ಟರಿಗೆ ಸೂಜಿ ಎಂದರೆ ಕೈಗೆ ಬಿಡುವು ಕೊಡುವ ಸಾಧನ. ಅಣ್ಣನಿಗೆ ಅದು ಬಿಡುವಿಲ್ಲದೆ ದುಡಿಯುವ ಸಾಧನ. ಬೆಳೆ ಸಾಲ ತಂದು ಮಗಳ ಮದುವೆಗೆ ಖರ್ಚು ಮಾಡಿದ ಹಾಗೆ. ಮದುವೆ ಮಾಡಿದ್ದು ತಪ್ಪು ಅಂತ ಯಾರು ಹೇಳುತ್ತಾರೆ? ತೋಟದ ಲೆಕ್ಕದಲ್ಲಿ ಅಣ್ಣನ ಮಾತು ಸರಿ. ಆ ವರ್ಷದ ಚಾಟ್ನಿ ಹೊತ್ತಿಗೆ ಮುಗಿಯಿತು, ಹಣ್ಣೂ ಚಲೋ ಬಂತು. ತಂತಿಯ ಲೆಕ್ಕ ಮಾತ್ರ ಬೇರೆ ಇತ್ತು. ಒಣದ್ರಾಕ್ಷಿ ಶೆಡ್ಡಿಗೆ ಹೋಗುವ ಹೊತ್ತಿಗೆ ನೋವು ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಮತ್ತೊಂದು ಸೂಜಿ. ಈ ಸಲ ಆರಾಮ ಇದ್ದದ್ದು ಇನ್ನೂ ಕಡಿಮೆ ದಿನ.

ಮೊಳಕೈಯ ಈ ನೋವಿನ ಬಗ್ಗೆ ಪುರಾವೆ ಸ್ಪಷ್ಟವಾಗಿದೆ, ಮತ್ತು ಅದು ಸೂಜಿಗೆ ವಿರುದ್ಧವಾಗಿದೆ. 2002ರಲ್ಲಿ ನೆದರ್‌ಲ್ಯಾಂಡಿನವರು 185 ಜನರನ್ನು ನೋಡಿದರು. ಆರು ವಾರಕ್ಕೆ ಸೂಜಿಯವರಲ್ಲಿ ನೂರಕ್ಕೆ 92 ಮಂದಿಗೆ ಆರಾಮ, ಫಿಸಿಯೋದವರಲ್ಲಿ 47, ಸುಮ್ಮನೆ ಕಾದವರಲ್ಲಿ 32. ಇಲ್ಲಿಗೆ ನಿಲ್ಲಿಸಿದರೆ ಯಾರಾದರೂ ಸೂಜಿಯನ್ನೇ ಆರಿಸುತ್ತಾರೆ. ವರ್ಷಕ್ಕೆ ಲೆಕ್ಕ ಪೂರ್ತಿ ತಿರುಗಿತ್ತು. ಸೂಜಿಯವರು 69, ಫಿಸಿಯೋದವರು 91, ಸುಮ್ಮನೆ ಕಾದವರು 83. ಏನೂ ಮಾಡದೇ ಇದ್ದವರೂ ಸೂಜಿಯವರನ್ನು ದಾಟಿದ್ದರು! 2013ರಲ್ಲಿ ಆಸ್ಟ್ರೇಲಿಯಾದ 165 ಜನರ ಪ್ರಯೋಗದಲ್ಲಿ ಸೂಜಿ ತೆಗೆದುಕೊಂಡವರಲ್ಲಿ ನೂರಕ್ಕೆ 54 ಮಂದಿಗೆ ನೋವು ಮರುಕಳಿಸಿತು, ಹುಸಿ ಸೂಜಿಯವರಲ್ಲಿ 12 ಮಂದಿಗೆ. ಸ್ಟೆರಾಯ್ಡ್ ಜೊತೆ ಫಿಸಿಯೋ ಸೇರಿಸಿದರೂ ವರ್ಷದ ಕೊನೆಯ ಆ ಹಿನ್ನಡೆ ಸರಿಹೋಗಲಿಲ್ಲ.

ಇದು ನನಗೆ ಕಸಿವಿಸಿಯ ಸಂಗತಿ. "ಸೂಜಿ ಜೊತೆಗೆ ವ್ಯಾಯಾಮ ಮಾಡಿ, ಎಲ್ಲ ಸರಿ" ಅಂತ ನನ್ನ ಭುಜದ ಅನುಭವದಿಂದ ಎಲ್ಲರಿಗೂ ಹೇಳುತ್ತ ತಿರುಗಬೇಕು ಅಂತಿದ್ದೆ. ಮೊಳಕೈಗೆ ಅದು ನಡೆಯುವುದಿಲ್ಲ. ಕಾರಣ ಇದೆ. ನನ್ನ ಭುಜದ ಚೀಲದಲ್ಲಿ ಉರಿಯೂತ ಇತ್ತು, ಸೂಜಿಗೆ ಅಲ್ಲಿ ಕೆಲಸ ಇತ್ತು. ಬಹಳ ದಿನದ ತಂತಿ ನೋವಿನಲ್ಲಿ ಉರಿಯೂತ ಕಡಿಮೆ. ಅಲ್ಲಿ ನಾರುಗಳೇ ಸಡಿಲಾಗಿ, ಅಡ್ಡಾದಿಡ್ಡಿಯಾಗಿರುತ್ತವೆ. ಸ್ಟೆರಾಯ್ಡ್ ಹೊಸ ನಾರು ಕಟ್ಟುವ ಕೆಲಸವನ್ನು ಇನ್ನೂ ನಿಧಾನ ಮಾಡುತ್ತದೆ. ಹಿಮ್ಮಡಿಯ ಮೇಲಿನ ದಪ್ಪ ತಂತಿಗಂತೂ ಹರಿದುಹೋಗುವ ಭಯಕ್ಕೆ ಡಾಕ್ಟರುಗಳು ಸೂಜಿ ಹಾಕಲು ಹಿಂದೇಟು ಹಾಕುತ್ತಾರೆ. ತಂತಿ ಗಟ್ಟಿಯಾಗುವುದು ನಿಧಾನಕ್ಕೆ ಭಾರ ಹೊರಿಸಿದಾಗ. ತಿಂಗಳುಗಳು ಬೇಕು.

ವೈನಿಯ ಬಿಳಿ ಕಲೆ

ವೈನಿಯದು ಸಣ್ಣ ಕಥೆ. ಗ್ಯಾಂಗಿನವರಿಗೆಲ್ಲ ರೊಟ್ಟಿ ಬಡಿದು, ಜೋಳದ ಹಿಟ್ಟು ನಾದಿ, ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟು ಊದಿತ್ತು. ಹೆಬ್ಬೆರಳಿನ ತಂತಿ ಒಂದು ಸಣ್ಣ ಕೊಳವೆಯೊಳಗೆ ಓಡುತ್ತದೆ, ಆ ಕೊಳವೆ ಬಿಗಿಯಾಗಿತ್ತು. ಈ ತೊಂದರೆಗೆ ಸೂಜಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಾಡಿತು ಕೂಡ. ಹೆಬ್ಬೆರಳಿಗೆ ಪಟ್ಟಿ ಹಾಕಿಕೊಂಡು ಕೆಲವು ವಾರ ರೊಟ್ಟಿಯನ್ನು ಸೊಸೆಗೆ ಬಿಟ್ಟರು, ಆಮೇಲೆ ತಿರುಗಿ ನೋವು ಬರಲಿಲ್ಲ. ಆದರೆ ಚುಚ್ಚಿದ ಜಾಗದಲ್ಲಿ ತೊಗಲು ಬೆಳ್ಳಗಾಗಿ ಸ್ವಲ್ಪ ತಗ್ಗಾಯಿತು. ತೊಗಲಿನ ಹತ್ತಿರ ಸ್ಟೆರಾಯ್ಡ್ ಬಿದ್ದರೆ ಹೀಗಾಗುವುದುಂಟು, ಕಪ್ಪು ಮೈಯವರಲ್ಲಿ ಎದ್ದು ಕಾಣುತ್ತದೆ. ಸಾಮಾನ್ಯವಾಗಿ ತಿಂಗಳುಗಳಲ್ಲಿ ಬಣ್ಣ ತಿರುಗಿ ಬರುತ್ತದೆ. ಅಷ್ಟರಲ್ಲಿ ಊರು ತೊನ್ನು ಅಂತ ಹೆಸರಿಟ್ಟಾಗಿತ್ತು. ಮಗಳಿಗೆ ಗಂಡು ನೋಡುವ ಹೊತ್ತು ಬೇರೆ. ವೈನಿ ಬೇಸಿಗೆಯಲ್ಲೂ ಉದ್ದ ತೋಳಿನ ಕುಪ್ಪಸ ಹಾಕಿಕೊಂಡು ಓಡಾಡಿದರು. ಚುಚ್ಚುವ ಮೊದಲು ಒಂದೇ ಒಂದು ವಾಕ್ಯ ಹೇಳಿದ್ದರೆ ಇಷ್ಟು ಆಗುತ್ತಿರಲಿಲ್ಲ. ಹೇಳಿದ್ದರೂ ವೈನಿ ಸೂಜಿ ಮಾಡಿಸಿಕೊಳ್ಳುತ್ತಿದ್ದರು, ಊರಿನ ಬಾಯಿಗೆ ಉತ್ತರ ತಯಾರಿರುತ್ತಿತ್ತು.

ಈಗ ನಡೆದಿರುವುದು

ಮೂರನೇ ಸೂಜಿಗೆ ಹೊರಟಿದ್ದ ಅಣ್ಣನನ್ನು ನಮ್ಮ ಫಿಸಿಯೋ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಹಿಂದಿನ ಎರಡು ಸೂಜಿ ಯಾವ ಔಷಧ, ಯಾವ ತಾರೀಖು ಅಂತ ಅವರು ಕೇಳಿದರೆ ಅಣ್ಣ "ಬೆಳ್ಳಗಿತ್ರಿ" ಅಂದ. ತೋಟಕ್ಕೆ ಯಾವ ದಿನ ಯಾವ ಔಷಧ ಹೊಡೆದೆ ಅಂತ ಡೈರಿ ಇಡುವ ಮನುಷ್ಯ ಈತ. ಸೂಜಿಯ ಹೆಸರು, ತಾರೀಖು, ಯಾವ ಕೀಲು, ಇಷ್ಟನ್ನು ಅದೇ ಡೈರಿಯ ಹಿಂದಿನ ಪುಟದಲ್ಲಿ ಬರೆಸಿದೆ. ಎರಡು ಸೂಜಿಯ ನಡುವೆ ಕನಿಷ್ಠ ಮೂರು ತಿಂಗಳು ಬಿಡಬೇಕು ಅನ್ನುವ ರೂಢಿ ಇದ್ದರೂ, ಬರೆದಿಡದಿದ್ದರೆ ಎರಡು ಬೇರೆ ಡಾಕ್ಟರ ನಡುವೆ ಆ ಲೆಕ್ಕ ಯಾರಿಗೆ ಗೊತ್ತಾಗಬೇಕು?

ಮೇಡಂ ಆತನ ಕತ್ತರಿ ತರಿಸಿ ನೋಡಿದರು. ಸ್ಪ್ರಿಂಗ್ ಬಿಗಿ ಇತ್ತು, ಬಾಯಿ ಮೊಂಡಾಗಿತ್ತು. ಒತ್ತಿದಷ್ಟೂ ಮೊಳಕೈಗೆ ಹೊಡೆತ. ಮೊದಲು ಕತ್ತರಿ ಸಾಣೆ ಹಿಡಿಸಿ, ಆಮೇಲೆ ಮೊಳಕೈ ನೋಡೋಣ ಅಂದರು. ವ್ಯಾಯಾಮ ಒಂದೇ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಗೆ ಮಾಡಿ, ನೀರು ತುಂಬಿದ ಬಾಟಲಿ ಹಿಡಿದು ಮಣಿಕಟ್ಟನ್ನು ಬಹಳ ನಿಧಾನಕ್ಕೆ ಇಳಿಸುವುದು, ಇನ್ನೊಂದು ಕೈಯಿಂದ ಮೇಲೆತ್ತುವುದು. ಅರ್ಧ ಬಾಟಲಿಯಿಂದ ಶುರು, ಎಪ್ರಿಲ್ ಚಾಟ್ನಿ ಮುಗಿದ ಮೇಲೆ. ಅಕ್ಟೋಬರಿನವರೆಗೆ ಬಿಡದೆ. ತೋಟದ ಕ್ಯಾಲೆಂಡರ್ ನೋಡಿ ವ್ಯಾಯಾಮ ಹೊಂದಿಸಿದ್ದು ಅಣ್ಣನಿಗೆ ಹಿಡಿಸಿತು. "ಈಕಿ ನಮ್ಮ ಮಾತ ತಿಳ್ಕೊಂಡ ಹೇಳ್ತಾಳ" ಅಂದ.

ಬಿಡದೆ ಮಾಡಿದ್ದಾನೆ ಅಂತ ನಾನು ಹೇಳಲಾರೆ. ವೈನಿ ಹೇಳುವ ಪ್ರಕಾರ ಬಾಟಲಿ ಅರ್ಧ ದಿನ ಕಟ್ಟೆಯ ಮೇಲೇ ಇರುತ್ತದೆ. ನೋವು ಪೂರಾ ಹೋಗಿಲ್ಲ, ಕಪ್ಪು ಎತ್ತುವಷ್ಟು ಇಳಿದಿದೆ. ಈ ಅಕ್ಟೋಬರಿಗೆ ಕತ್ತರಿಯನ್ನು ಗ್ಯಾಂಗಿಗೆ ಬಿಟ್ಟು, ತಾನು ಮೇಲ್ವಿಚಾರಣೆ ಮಾತ್ರ ಮಾಡುವುದಾಗಿ ಒಪ್ಪಿಕೊಂಡಿದ್ದಾನೆ. ಒಬ್ಬರ ಕೂಲಿ ಹೆಚ್ಚಾಗುತ್ತದೆ. ಎರಡು ಸೂಜಿ, ಡಾಕ್ಟರ ಫೀ, ಸಿಟಿಗೆ ಬಂದುಹೋದ ಖರ್ಚು ಎಲ್ಲ ಕೂಡಿಸಿ ಡೈರಿಯಲ್ಲಿ ಬರೆದು, ಕೂಲಿಯ ಪಕ್ಕ ಇಟ್ಟು ನೋಡಿದ. ಕೂಲಿಯೇ ಸ್ವಲ್ಪ ಜಾಸ್ತಿ ಬಂತು. ಆದರೂ ಇರಲಿ ಅಂದ.